ಬಿಟ್ಟಿ ದಾರಿಯ ಬೆಲೆ

ಅಂಚೆಯ ಇಲಾಖೆಯಲ್ಲಿ ನಾವು ಹೆಚ್ಚಾಗಿ ಗಮನಿಸದಿರುವ ಒಂದು ಒಳ್ಳೆಯ ಪದ್ಧತಿಯುಂಟು. ನೋಂದಾಯಿತವಾದ ಪತ್ರಿಕೆಗಳನ್ನೆಲ್ಲಾ ಅದು ಒಂದೇ ರಿಯಾಯಿತಿಯ ದರದಲ್ಲಿ ಮನೆಮನೆಗೆ ಮುಟ್ಟಿಸುತ್ತದೆ. ಪತ್ರಿಕೆಯು ಲಕ್ಷ ಪ್ರತಿಗಳದಾಗಿರಲಿ, ತಾಲ್ಲೂಕು ಪಟ್ಟಣದಲ್ಲಿ ಒಬ್ಬನೇ ಬರೆದು ಅಚ್ಚುಹಾಕಿಸಿದುದಾಗಿರಲಿ, ತೂಕಕ್ಕೆ ತಕ್ಕ ಕೂಲಿಯೇ ಹೊರತು ಒಳಗಿನ ಬರಹಕ್ಕೆ ತಕ್ಕ ಕೂಲಿಯಲ್ಲ. ಅಂಚೆಯವನು ಒಂದು ದಿನ ಬಂದು, “ಈ ನಾಲ್ಕು ಪತ್ರಿಕೆಗಳನ್ನು ಬಿಟ್ಟಿಯಾಗಿ ತಂದುಕೊಡುವೆನು, ಮಿಕ್ಕವಕ್ಕೆ ನೀವು ಹಣ ತೆರಬೇಕು” ಎಂದನೆನ್ನಿ. ಮನೆಯವರಿಗೆ ಮೊದಲು ಸಂತೋಷವೇ ಆದೀತು. ಆರು ತಿಂಗಳು ಕಳೆಯುವುದರೊಳಗಾಗಿ ಐದನೆಯ ಪತ್ರಿಕೆಯೊಂದು ಇತ್ತೆಂಬುದೇ ಮರೆತುಹೋದೀತು.

2015ನೆಯ ಇಸವಿಯಲ್ಲಿ ಅಂತರ್ಜಾಲದ ವಿಷಯವಾಗಿ ನಮ್ಮ ದೇಶದ ಮುಂದೆ ಬಂದು ನಿಂತ ಪ್ರಶ್ನೆಯು ಇದೇ ಬಗೆಯದು. ಆ ವರ್ಷದ ಫೆಬ್ರವರಿಯಲ್ಲಿ ಫೇಸ್‌ಬುಕ್ ಸಂಸ್ಥೆಯು ರಿಲಯನ್ಸ್ ಕಮ್ಯುನಿಕೇಷನ್ಸ್ ಕಂಪೆನಿಯೊಡನೆ ಸೇರಿ, ತಾನು ಒಪ್ಪಿದ ಕೆಲವೇ ತಾಣಗಳನ್ನು ಬಡವರು ಮೊಬೈಲಿನಲ್ಲಿ ಖರ್ಚಿಲ್ಲದೆ ನೋಡಬಹುದೆಂದು ಸಾರಿತು. ಏಪ್ರಿಲಿನಲ್ಲಿ ಏರ್‌ಟೆಲ್ ಕಂಪೆನಿಯು ಇನ್ನೊಂದು ಯೋಜನೆಯನ್ನು ಹೊರಡಿಸಿತು. ಅದರಲ್ಲಿ ಓದುಗನ ಬದಲು ತಾಣದ ಒಡೆಯನೇ ಹಣ ಕಟ್ಟತಕ್ಕದ್ದು. ದೊಡ್ಡ ಅಂಗಡಿಯವನು ಕಟ್ಟಿಯಾನು. ಚಂದಾದಾರರ ನೂರು ಇನ್ನೂರು ರೂಪಾಯಿಗಳನ್ನೇ ನಂಬಿಕೊಂಡು, ಯಾವ ಧಣಿಯ ಹಂಗೂ ಇಲ್ಲದೆ ಸುದ್ದಿ ಬರೆಯತಕ್ಕವನು ಎಲ್ಲಿಂದ ಕಟ್ಟಬೇಕು? ಅವನ ಬಾಯನ್ನು ಯಾರೂ ಮುಚ್ಚಿಸಬೇಕಾಗಿಲ್ಲ. ಅವನ ಮಾತನ್ನು ಕೇಳುವುದು ಮಾತ್ರ ದುಬಾರಿಯಾದರೆ ಸಾಕು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಮಾರ್ಚಿ 27ರಂದು ಈ ಬಗ್ಗೆ ಜನಾಭಿಪ್ರಾಯವನ್ನು ಕೇಳಿತ್ತು. ಕೇಳಿದ ರೀತಿಯನ್ನು ನೋಡಿರಿ: 118 ಪುಟಗಳು, 20 ಪ್ರಶ್ನೆಗಳು, ವಕೀಲರಿಗೂ ತಲೆಸುತ್ತು ಬರುವಂಥ ಇಂಗ್ಲಿಷು. ಆಗ ‘ಮೀಡಿಯನಾಮ’ ಎಂಬ ಸಣ್ಣ ಸುದ್ದಿತಾಣದ ಸಂಪಾದಕರಾದ ನಿಖಿಲ್ ಪಾಹ್ವಾ ಅವರೂ, ಬೆಂಗಳೂರು ಮುಂತಾದ ಊರುಗಳ ಎಂಜಿನಿಯರುಗಳೂ ವಕೀಲರೂ ಕೂಡಿಕೊಂಡು, ಅದನ್ನು ಸಾಮಾನ್ಯರಿಗೆ ತಿಳಿಯುವಂತೆ ಸಂಗ್ರಹಿಸಿ, ಉತ್ತರಗಳನ್ನೂ ಬರೆದಿಟ್ಟರು. ಒಂದು ತಿಂಗಳು ತುಂಬುವಷ್ಟರಲ್ಲಿ ಪ್ರಾಧಿಕಾರಕ್ಕೆ 10 ಲಕ್ಷಕ್ಕೂ ಮಿಗಿಲಾಗಿ ಪತ್ರಗಳು ಹೋದವು. (ಪ್ರಾಧಿಕಾರವು ಆ ಪತ್ರಗಳನ್ನೆಲ್ಲಾ ಬರೆದವರ ಮಿಂಚಂಚೆಯ ವಿಳಾಸಗಳ ಸಮೇತ ಪ್ರಕಟಿಸಿಬಿಟ್ಟಿತು. ಪ್ರಜೆಯು ಸರಕಾರಕ್ಕೆ ಕಾಗದ ಬರೆದುದಕ್ಕೆ ಇದೊಂದು ಬಹುಮಾನ!)

ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ಕಿನ ಯೋಜನೆಯು ‘ಫ್ರೀ ಬೇಸಿಕ್ಸ್’ ಎಂದು ಹೆಸರನ್ನು ಬದಲಾಯಿಸಿಕೊಂಡಿತು. ಡಿಸೆಂಬರಿನಲ್ಲಿ ಪ್ರಾಧಿಕಾರವು ದರಭೇದವನ್ನು ಕುರಿತೇ ಮತ್ತೊಮ್ಮೆ ಅಭಿಪ್ರಾಯ ಕೇಳಲು, ಆ ಸಂಸ್ಥೆಯು ದಿನಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತುಗಳನ್ನು ಕೊಟ್ಟಿತು. ಯಾವ ವೃತ್ತಿಗೆ ಸಂಕಟ ಕಾದಿತ್ತೋ ಆ ವೃತ್ತಿಯವರೇ ಹಣ ಪಡೆದು ಅವನ್ನು ಅಚ್ಚುಹಾಕಿದರು. ತನ್ನ ಬಳಕೆದಾರರ ಕೈಯಿಂದ ಸಿದ್ಧಪತ್ರವೊಂದನ್ನೂ ಕಳುಹಿಸಿಸಿತು. ಬಂದ ಸುಮಾರು 24 ಲಕ್ಷ ಪತ್ರಗಳಲ್ಲಿ 18 ಲಕ್ಷಕ್ಕೂ ಹೆಚ್ಚು ಇಂಥವೇ. ಎದುರುಪಕ್ಷದವರೂ ಸಿದ್ಧಪತ್ರಗಳನ್ನೇ ಬಳಸಿದ್ದರೆಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಆದರೆ ಅವುಗಳಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರವಿತ್ತು. ಫೇಸ್‌ಬುಕ್ಕಿನ ಪತ್ರವು ಪ್ರಶ್ನೆಗಳನ್ನು ಬಿಟ್ಟು ಯೋಜನೆಯನ್ನು ಹೊಗಳಿತ್ತು. ಇದು ವಿಚಾರವಿನಿಮಯವನ್ನು ಕೈಯೆತ್ತಿಸುವ ಲೆಕ್ಕಕ್ಕಿಳಿಸುವುದೆಂದು ಪ್ರಾಧಿಕಾರವೇ ಆಕ್ಷೇಪಿಸಿತು.

2016ರ ಫೆಬ್ರವರಿ 8ರಂದು ತೀರ್ಮಾನವು ಹೊರಬಿದ್ದಿತು. ನೋಡುವ ವಿಷಯವನ್ನನುಸರಿಸಿ ದರವನ್ನು ಹೆಚ್ಚುಕಡಿಮೆ ಮಾಡತಕ್ಕದ್ದಲ್ಲ. ಮಾಡಿದರೆ ದಿನವೊಂದಕ್ಕೆ 50,000 ರೂಪಾಯಿ ದಂಡ, ಒಟ್ಟಿನಲ್ಲಿ 50 ಲಕ್ಷದವರೆಗೆ. ಆ ತಿಂಗಳಿನಲ್ಲಿಯೇ ಫೇಸ್‌ಬುಕ್ ತನ್ನ ಯೋಜನೆಯನ್ನು ಭಾರತದಿಂದ ಹಿಂದೆಗೆಯಿತು.

ಬಡವರಿಗೆ ಏನೂ ಇಲ್ಲದಿರುವುದಕ್ಕಿಂತ ಅಷ್ಟಾದರೂ ದೊರೆಯಲೆಂಬ ವಾದವನ್ನು ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ. ಕೂಲಿಯವನ ಮಗಳಿಗೆ ಪಾಠದ ತಾಣವೊಂದು ಬಿಟ್ಟಿಯಾಗಿ ಸಿಕ್ಕಿದ್ದರೆ ಅದು ಲಾಭವೇ. ಆದರೆ ಅದೇ 2016ರ ಸೆಪ್ಟೆಂಬರಿನಲ್ಲಿ ಜಿಯೋ ಕಂಪೆನಿಯು ಮಾರುಕಟ್ಟೆಗಿಳಿದು, ಪೈಪೋಟಿಯಿಂದ ಒಟ್ಟು ದರವೇ ಕುಸಿಯಿತು. ಬಡವರ ಮನೆಗೂ ಬೇಲಿಯಿಲ್ಲದ ದಾರಿಯೇ ಬಂದಿತು.

ದಾರಿಗೆ ಬೇಲಿ ಹಾಕುವುದು ಒಂದು ವಿಧವಾದರೆ, ಸುದ್ದಿಯ ಬಾಗಿಲನ್ನೇ ಮುಚ್ಚುವುದು ಇನ್ನೊಂದು. ನಮ್ಮ ಮೈಸೂರಿಗೆ ಈ ಎರಡನೆಯದು ಹಳೆಯ ಪರಿಚಯ. ಸಂಸ್ಥಾನದ ಸರಕಾರವು 1908ರಲ್ಲಿ ಪತ್ರಿಕೆಗಳಿಗೆ ಕಟ್ಟಳೆಯನ್ನು ವಿಧಿಸಿ, ತನ್ನ ಅಪ್ಪಣೆಯಿಲ್ಲದೆ ಯಾರೂ ಪತ್ರಿಕೆ ಹೊರಡಿಸಕೂಡದೆಂದಾಗ, ಜನರು ‘ತಾತಯ್ಯ’ನವರೆಂದು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅದಕ್ಕೆ ತಲೆಬಾಗುವ ಬದಲು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿಬಿಟ್ಟರು.

ಈಗ ಅಪ್ಪಣೆ ಕೇಳುವ ಗೋಜಿಲ್ಲ, ತಂತಿಯನ್ನು ನಿಲ್ಲಿಸಿದರೆ ಆಯಿತು. 2019ರ ಆಗಸ್ಟಿನಲ್ಲಿ ಕಾಶ್ಮೀರದಲ್ಲಿ ಅಂತರ್ಜಾಲವು ನಿಂತುಹೋದಾಗ, ಶ್ರೀನಗರದ ವರದಿಗಾರರು ಸರಕಾರವು ಇಟ್ಟ ಕೆಲವೇ ಕಂಪ್ಯೂಟರುಗಳ ಮುಂದೆ ಸರದಿಗಾಗಿ ಕಾಯಬೇಕಾಯಿತು. ‘ಕಾಶ್ಮೀರ್ ಟೈಮ್ಸ್’ ಪತ್ರಿಕೆಯ ಸಂಪಾದಕಿ ಅನುರಾಧಾ ಭಸೀನ್ ಅವರು, ತಮ್ಮ ಶ್ರೀನಗರದ ಆವೃತ್ತಿಯನ್ನು ಹೊರಡಿಸಲಾಗುತ್ತಿಲ್ಲವೆಂದು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಅಂತರ್ಜಾಲದ ಮೂಲಕ ಮಾತಾಡುವುದಕ್ಕೂ ಸಂವಿಧಾನದ ರಕ್ಷೆಯುಂಟು, ನಿಲುಗಡೆಯು ಅನಿರ್ದಿಷ್ಟವಾಗಿರಕೂಡದು, ಅದರ ಆಜ್ಞೆಯನ್ನು ಪ್ರಕಟಿಸಲೇಬೇಕು ಎಂದು ಕೋರ್ಟು 2020ರ ಜನವರಿ 10ರಂದು ಹೇಳಿತು. ಆದರೂ ಅಲ್ಲಿ ವೇಗದ ಮೊಬೈಲ್ ಸಂಪರ್ಕವು ಪೂರ್ತಿಯಾಗಿ ಮರಳಿದ್ದು 2021ರ ಫೆಬ್ರವರಿಯಲ್ಲಿ. ಅಂಥ ಒಂದು ಆಜ್ಞೆಯು 15 ದಿನಗಳಿಗೆ ಮೀರಬಾರದೆಂದು 2020ರ ನವೆಂಬರಿನಲ್ಲಿ ನಿಯಮವಾಯಿತು. ಹದಿನಾರನೆಯ ದಿನ ಇನ್ನೊಂದು ಆಜ್ಞೆಯನ್ನು ಹೊರಡಿಸಬಾರದೆಂದು ಅದರಲ್ಲಿ ಬರೆದಿಲ್ಲ.