ಚಮಚ ನೀರಿನ ಗಾಜಿನ ತೋಟ



ಗಿಡ ಅಂದ ಕೂಡಲೇ ನಮಗೆ ನೀರಿನ ನೆನಪು ಬರುತ್ತದೆ. ಬೇಸಿಗೆಯಲ್ಲಿ ನಲ್ಲಿಯ ಮುಂದೆ ಕೊಡಗಳನ್ನು ಸಾಲಾಗಿ ಇಟ್ಟು ಕಾಯುವಾಗ, "ಹೂವಿನ ಗಿಡಕ್ಕೂ ಒಂದು ಚೊಂಬು ಹಾಕೋಣ" ಅಂದರೆ ಮನೆಯಲ್ಲಿ ಬೈಯುತ್ತಾರೆ. ಕುಡಿಯೋದಕ್ಕೇ ಇಲ್ಲ, ಗಿಡಕ್ಕೆ ಎಲ್ಲಿಂದ ತರೋದು ಅಂತಾರೆ. ಅವರು ಹೇಳುವುದೂ ನಿಜವೇ. ಆದರೆ ತಿಂಗಳಿಗೆ ನಾಲ್ಕೈದು ಚಮಚ ನೀರಿನಲ್ಲಿ ಬದುಕುವ ಒಂದು ಪುಟ್ಟ ತೋಟವನ್ನು ಕಿಟಕಿಯ ಮೇಲೆ ಮಾಡಬಹುದು. ಅದನ್ನು ಹೇಗೆ ಮಾಡುವುದು, ಅದು ಯಾಕೆ ಬದುಕುತ್ತದೆ ಎಂಬುದನ್ನು ಈ ಲೇಖನದಲ್ಲಿ ತಿಳಿಸುತ್ತೇನೆ.

ಗಾಜಿನೊಳಗೆ ಗಿಡ ಬಂದ ಕಥೆ

ಗಾಜಿನ ಪಾತ್ರೆಯಲ್ಲಿ ಬೆಳೆಸುವ ತೋಟಕ್ಕೆ ಟೆರೇರಿಯಂ ಎಂದು ಹೆಸರು. 1829ರಲ್ಲಿ ಲಂಡನ್ನಿನಲ್ಲಿ ನಥಾನಿಯಲ್ ವಾರ್ಡ್ ಎಂಬ ವೈದ್ಯರು ಒಂದು ಪತಂಗದ ಕೋಶವನ್ನು ಹಸಿ ಮಣ್ಣಿನೊಂದಿಗೆ ಬಾಟಲಿಯಲ್ಲಿ ಹಾಕಿ ಮುಚ್ಚಳ ಮುಚ್ಚಿಟ್ಟರು. ಕೆಲವು ದಿನಗಳ ಮೇಲೆ ನೋಡಿದರೆ ಮಣ್ಣಿನಲ್ಲಿ ಒಂದು ಜರಿಗಿಡ, ಒಂದು ಹುಲ್ಲು ಮೊಳೆತಿದ್ದವು! ಹಗಲಿನಲ್ಲಿ ಮಣ್ಣಿನ ತೇವ ಆವಿಯಾಗಿ ಮೇಲೆ ಹೋಗಿ, ಗಾಜಿಗೆ ತಾಗಿ ಹನಿಯಾಗಿ, ಮತ್ತೆ ಮಣ್ಣಿಗೇ ಬೀಳುತ್ತಿತ್ತು. ನಾವು ವಿಜ್ಞಾನ ಪಾಠದಲ್ಲಿ ಓದುವ ಜಲಚಕ್ರವೇ ಬಾಟಲಿಯೊಳಗೆ ನಡೆಯುತ್ತಿತ್ತು.

ಆಮೇಲೆ ವಾರ್ಡ್ ಅವರು ಗಾಜಿನ ಪೆಟ್ಟಿಗೆಗಳನ್ನು ಮಾಡಿಸಿ 1833ರಲ್ಲಿ ಹಡಗಿನಲ್ಲಿ ಗಿಡಗಳನ್ನು ಆಸ್ಟ್ರೇಲಿಯಾಕ್ಕೆ ಕಳಿಸಿದರು. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದರೂ ಗಿಡಗಳು ಚೆನ್ನಾಗಿ ತಲುಪಿದವು. ಮುಂದೆ ರಾಬರ್ಟ್ ಫಾರ್ಚೂನ್ ಎಂಬುವರು ಚೀನಾದಿಂದ ನಮ್ಮ ದೇಶಕ್ಕೆ ಚಹಾ ಸಸಿಗಳನ್ನು ಕಳಿಸಿದ್ದೂ ಇಂಥ ಪೆಟ್ಟಿಗೆಗಳಲ್ಲೇ.

ಆದರೆ ಗಮನಿಸಿ. ವಾರ್ಡ್ ಅವರ ಬಾಟಲಿಯಲ್ಲಿದ್ದದ್ದು ಜರಿಗಿಡ. ಅದಕ್ಕೆ ತೇವವೆಂದರೆ ಇಷ್ಟ. ನಾನು ಹೇಳುತ್ತಿರುವ ತೋಟದ ಗಿಡಗಳಿಗೆ ತೇವವೇ ಶತ್ರು.

ಎಲೆಯೇ ಕೊಡ

ಲೋಳೆಸರ, ಕಾಡುಬಸಳೆ, ಪಾಪಾಸುಕಳ್ಳಿ, ಮಂಗರವಳ್ಳಿ ಇವೆಲ್ಲ ನಾವು ಬೇಲಿಯಲ್ಲೂ ಹಿತ್ತಿಲಲ್ಲೂ ದಿನಾ ನೋಡುವ ಗಿಡಗಳು. ಇವುಗಳ ಎಲೆ ಅಥವಾ ಕಾಂಡ ದಪ್ಪಗೆ ಇರುತ್ತದೆ. ಮುರಿದರೆ ಒಳಗೆ ನೀರು ನೀರಾದ ತಿರುಳು. ಮಳೆ ಬಂದಾಗ ನೀರು ತುಂಬಿಕೊಂಡು ಮಳೆ ಇಲ್ಲದಾಗ ಅದನ್ನೇ ಖರ್ಚು ಮಾಡುತ್ತವೆ. ಇಂಥ ಗಿಡಗಳನ್ನು ಇಂಗ್ಲಿಷಿನಲ್ಲಿ ಸಕ್ಯುಲೆಂಟ್ ಅನ್ನುತ್ತಾರೆ. ಪೇಟೆಯ ನರ್ಸರಿಯಲ್ಲಿ ದುಡ್ಡು ಕೊಟ್ಟು ತರುವ ಜಾತಿಗಳೂ ಇವೆ, ನಮ್ಮ ಬೇಲಿಯಲ್ಲಿ ಸುಮ್ಮನೆ ಬೆಳೆಯುವ ಜಾತಿಗಳೂ ಇವೆ.

ಇವುಗಳ ಜಾಣತನ ಇನ್ನೊಂದು ಇದೆ. ಉಳಿದ ಗಿಡಗಳು ಹಗಲಿನಲ್ಲಿ ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುತ್ತವೆ. ಆಗ ಬಿಸಿಲಿಗೆ ಎಲೆಯ ನೀರೂ ಆವಿಯಾಗಿ ಹೋಗುತ್ತದೆ. ಇಂಥ ಗಿಡಗಳಲ್ಲಿ ಹೆಚ್ಚಿನವು ತಂಪಾದ ರಾತ್ರಿಯಲ್ಲಿ ರಂಧ್ರ ತೆರೆಯುತ್ತವೆ. ತೆಗೆದುಕೊಂಡ ಗಾಳಿಯನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲಿನಲ್ಲಿ ಬಾಗಿಲು ಹಾಕಿಕೊಂಡು ಆಹಾರ ಮಾಡುತ್ತವೆ.

ಇದರ ಸುಳಿವು ಹೇಗೆ ಸಿಕ್ಕಿತು ಗೊತ್ತೇ? ಬೆಂಗಳೂರಿನ ಲಾಲ್‌ಬಾಗ್ ತೋಟವನ್ನು ಒಂದು ಕಾಲದಲ್ಲಿ ನೋಡಿಕೊಂಡಿದ್ದ ಬೆಂಜಮಿನ್ ಹೇಯ್ನ್ ಎಂಬುವರು ಕಾಡುಬಸಳೆ ಎಲೆಯ ರುಚಿ ನೋಡಿದ್ದರು. ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ಸ್ವಲ್ಪ ಕಹಿ! ರಾತ್ರಿ ಕೂಡಿಟ್ಟ ಆಮ್ಲ ಹಗಲಿನಲ್ಲಿ ಖರ್ಚಾಗಿ ಹೋಗುವುದೇ ಇದಕ್ಕೆ ಕಾರಣ. ಅವರ ಪತ್ರ 1815ರಲ್ಲಿ ಅಚ್ಚಾಯಿತು. ಆದರೆ ನೀವು ಯಾರೂ ಕಚ್ಚಿ ನೋಡಬೇಡಿ. ಆ ಜಾತಿಯ ಗಿಡ ತಿಂದರೆ ದನಕರುಗಳಿಗೆ ವಿಷವಾಗುತ್ತದೆ.

ಬೇಕಾಗುವ ಸಾಮಾನು

1. ಅಗಲ ಬಾಯಿಯ ಗಾಜಿನ ಪಾತ್ರೆ. ಉಪ್ಪಿನಕಾಯಿ ಬಾಟಲಿ, ಅಂಗಡಿಯಲ್ಲಿ ಪೆಪ್ಪರಮೆಂಟು ಹಾಕಿಡುವ ಗಾಜಿನ ಡಬ್ಬಿ, ಯಾವುದಾದರೂ ಆಗುತ್ತದೆ. ಮುಚ್ಚಳ ಬೇಡ.
2. ಹೆಬ್ಬೆಟ್ಟಿನ ಉಗುರಿನಷ್ಟು ದಪ್ಪದ ಕಲ್ಲುಚೂರು.
3. ಒಲೆಯ ಇದ್ದಿಲು. ಬೂದಿ ಬೇಡ.
4. ಹಳ್ಳದ ದಪ್ಪ ಮರಳು ಎರಡು ಪಾಲು, ಜರಡಿ ಹಿಡಿದ ಮಣ್ಣು ಒಂದು ಪಾಲು. ಗೊಬ್ಬರ ಹಾಕಬೇಡಿ. ಸಮುದ್ರದ ಮರಳಿನಲ್ಲಿ ಉಪ್ಪು ಇರುವುದರಿಂದ ಅದೂ ಬೇಡ.
5. ಮೂರು ಸಣ್ಣ ಗಿಡ. ಲೋಳೆಸರದ ಬುಡದಲ್ಲಿ ಏಳುವ ಮರಿ, ಕಾಡುಬಸಳೆ ಎಲೆಯ ಅಂಚಿನಲ್ಲಿ ಹುಟ್ಟುವ ಮರಿ, ಮಂಗರವಳ್ಳಿಯ ಒಂದು ಗೆಣ್ಣು. ನಾವು ಪುಸ್ತಕದೊಳಗೆ ಇಟ್ಟು ಮರಿ ಹಾಕಿಸುತ್ತೇವಲ್ಲ, ಅದೇ ಕಾಡುಬಸಳೆ.

ಹಾಲು ಬರುವ ಕಳ್ಳಿಯನ್ನು ಮಾತ್ರ ತರಬೇಡಿ. ಅದರ ಹಾಲು ಕಣ್ಣಿಗೆ ಬಿದ್ದರೆ ಬಹಳ ಅಪಾಯ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮುಳ್ಳಿನ ಪಾಪಾಸುಕಳ್ಳಿಯೂ ಬೇಡ. ಬಾಯಿ ಒಡೆದ ಬಾಟಲಿಯನ್ನೂ ಮುಟ್ಟಬೇಡಿ.

ಮಾಡುವ ವಿಧಾನ

ಕತ್ತರಿಸಿದ ಗೆಣ್ಣನ್ನು ಕೂಡಲೇ ನೆಡಬಾರದು. ನಾಲ್ಕೈದು ದಿನ ನೆರಳಿನಲ್ಲಿ ಇಡಿ. ನಮ್ಮ ಮೊಣಕಾಲು ತರಚಿದಾಗ ಹಕ್ಕಳೆ ಕಟ್ಟುತ್ತದಲ್ಲ, ಹಾಗೆ ಅದರ ಗಾಯವೂ ಒಣಗಬೇಕು. ಹಸಿ ಗಾಯವನ್ನು ಮಣ್ಣಿಗೆ ಇಟ್ಟರೆ ಕೊಳೆತು ಹೋಗುತ್ತದೆ.

ಬಾಟಲಿಯನ್ನು ತೊಳೆದು ಪೂರಾ ಒಣಗಿಸಿ. ಅಡಿಯಲ್ಲಿ ಎರಡು ಬೆರಳು ಕಲ್ಲುಚೂರು, ಅದರ ಮೇಲೆ ತೆಳ್ಳಗೆ ಇದ್ದಿಲು, ಅದರ ಮೇಲೆ ನಾಲ್ಕು ಬೆರಳು ಮರಳುಮಣ್ಣು ಹಾಕಿ. ಹಿಂದೆ ಎತ್ತರ, ಮುಂದೆ ತಗ್ಗು ಮಾಡಿದರೆ ಪುಟ್ಟ ಗುಡ್ಡದ ಹಾಗೆ ಕಾಣುತ್ತದೆ. ಎತ್ತರದ ಗಿಡ ಹಿಂದೆ, ಕುಳ್ಳ ಗಿಡ ಮುಂದೆ. ಎರಡು ಗಿಡದ ನಡುವೆ ಎರಡು ಬೆರಳು ಜಾಗ ಬಿಡಿ, ಎಲೆ ಗಾಜಿಗೆ ತಾಗದಿರಲಿ. ಕೈ ಹೋಗದಿದ್ದರೆ ಎರಡು ಕಡ್ಡಿ ಹಿಡಿದು ನೆಡಬಹುದು.

ಅಲಂಕಾರಕ್ಕೆ ರಂಗೋಲಿಯ ಬಣ್ಣದ ಪುಡಿ ಹಾಕಬೇಕು ಅನಿಸುತ್ತದೆ. ಅದು ನೆನೆದರೆ ಗಟ್ಟಿಯಾಗಿ ಕೂರುತ್ತದೆ, ಬಣ್ಣವೂ ಇಳಿಯುತ್ತದೆ. ಅದರ ಬದಲು ಕೆಂಪಿಗೆ ಇಟ್ಟಿಗೆ ಚೂರು, ಬಿಳುಪಿಗೆ ಮರಳು, ಕಪ್ಪಿಗೆ ಇದ್ದಿಲು ಹಾಕಿ. ಗಾಜಿನ ಹೊರಗಿನಿಂದ ಮೂರು ಪಟ್ಟೆ ಸೀರೆಯ ಅಂಚಿನ ಹಾಗೆ ಕಾಣುತ್ತವೆ. ಹಳ್ಳದಿಂದ ತಂದ ಒಂದು ಒಳ್ಳೆಯ ಕಲ್ಲನ್ನು ಗಿಡದ ಪಕ್ಕ ಇಟ್ಟರೆ ಸಾಕು. ಬೊಂಬೆ, ಮಣಿ ಎಲ್ಲ ತುಂಬಿದರೆ ಗಿಡವೇ ಕಾಣುವುದಿಲ್ಲ.

ನೀರು ಹಾಕುವ ಲೆಕ್ಕ

ಇಡೀ ಲೇಖನದಲ್ಲಿ ಮುಖ್ಯವಾದ ಮಾತು ಇದು. ಕೆಳಗೆ ಕಲ್ಲು ಹಾಕಿದ್ದೇವೆ, ನೀರು ಬಸಿದು ಹೋಗುತ್ತದೆ ಅಂತ ಕೆಲವರು ತಿಳಿಯುತ್ತಾರೆ. ಬಾಟಲಿಗೆ ತೂತೇ ಇಲ್ಲದ ಮೇಲೆ ನೀರು ಹೋಗೋದು ಎಲ್ಲಿಗೆ? ಕಲ್ಲಿನ ಸಂದಿಯಲ್ಲೇ ನಿಲ್ಲುತ್ತದೆ. ಬೇರಿಗೂ ಉಸಿರಾಡಲು ಗಾಳಿ ಬೇಕು. ಮಣ್ಣಿನ ತುಂಬ ನೀರು ನಿಂತರೆ ಗಾಳಿಗೆ ಜಾಗವಿಲ್ಲ. ಬೇರು ಕೊಳೆಯುತ್ತದೆ, ಬೂಷ್ಟು ಹಿಡಿಯುತ್ತದೆ. ಈ ಗಿಡಗಳು ಬಾಯಾರಿಕೆಯಿಂದ ಸಾಯುವುದಕ್ಕಿಂತ ಹೆಚ್ಚಾಗಿ ನಮ್ಮ ಪ್ರೀತಿಯ ನೀರಿನಿಂದಲೇ ಸಾಯುತ್ತವೆ.

ಆದ್ದರಿಂದ ನೆಟ್ಟ ಮೇಲೆ ಒಂದು ವಾರ ನೀರೇ ಬೇಡ. ಆಮೇಲೆ ಒಂದು ಲೀಟರು ಹಿಡಿಯುವ ಬಾಟಲಿಗೆ ಹದಿನೈದು ದಿನಕ್ಕೊಮ್ಮೆ ಎರಡು ದೊಡ್ಡ ಚಮಚ ನೀರನ್ನು ಬುಡಕ್ಕೆ ಹಾಕಿದರೆ ಸಾಕು. ಹಾಕುವ ಮೊದಲು ಪೊರಕೆ ಕಡ್ಡಿಯನ್ನು ಮಣ್ಣಿಗೆ ಚುಚ್ಚಿ ತೆಗೆಯಿರಿ. ಕಡ್ಡಿಗೆ ಮಣ್ಣು ಅಂಟಿದ್ದರೆ ಇನ್ನೂ ಕಾಯಿರಿ. ಮಳೆಗಾಲದಲ್ಲಿ ಗಾಳಿಯೇ ತೇವ ಇರುವುದರಿಂದ ಇನ್ನೂ ಹೆಚ್ಚು ದಿನ ಬಿಡಬಹುದು. ಎಲೆ ಸುಕ್ಕಾದರೆ ಬಾಯಾರಿದೆ ಎಂದು ಅರ್ಥ. ಎಲೆ ಹಳದಿಯಾಗಿ ಮೆತ್ತಗೆ ಆದರೆ ನೀರು ಹೆಚ್ಚಾಗಿದೆ ಎಂದು ಅರ್ಥ.

ನಮ್ಮಜ್ಜಿಗೆ ಕಾಲು ನೋವು, ಹಿತ್ತಿಲವರೆಗೂ ನಡೆಯಲಾರರು. ಮೊದಲು ಅವರೇ ಬೆಳಿಗ್ಗೆ ಎದ್ದು ಗಿಡಗಳಿಗೆಲ್ಲ ನೀರು ಹಾಕುತ್ತಿದ್ದರು. ಈಗ ಬಾಟಲಿ ತೋಟ ಅವರ ಮಂಚದ ಪಕ್ಕದ ಕಿಟಕಿಯಲ್ಲಿದೆ. "ಪಾಪ, ಒಣಗಿ ಹೋಗ್ತದೆ ಕಣೋ, ಒಂದು ಲೋಟ ಹಾಕೋ" ಅಂತ ಮೊದಮೊದಲು ದಿನಾ ಹೇಳುತ್ತಿದ್ದರು. ನಾನು ಲೋಳೆಸರದ ಎಲೆ ಮುರಿದು ಒಳಗಿನ ನೀರು ತೋರಿಸಿದೆ. ಈಗ ಪೊರಕೆ ಕಡ್ಡಿಯ ಪರೀಕ್ಷೆ ಅವರದೇ ಕೆಲಸ. ನಾನು ಚಮಚ ಹಿಡಿದು ಹೋದರೂ "ಇನ್ನೂ ಎರಡು ದಿನ ಬಿಡು" ಅಂತಾರೆ.

ಎಲ್ಲಿ ಇಡಬೇಕು?

ಬೆಳಿಗ್ಗೆಯ ಎಳೆ ಬಿಸಿಲು ಬರುವ ಕಿಟಕಿ, ಅಥವಾ ಗಾಜಿನ ಹೆಂಚಿನ ಕೆಳಗೆ ಬೆಳಕು ಬೀಳುವ ಜಾಗ ಒಳ್ಳೆಯದು. ಕತ್ತಲೆ ಮೂಲೆಯಲ್ಲಿ ಇಟ್ಟರೆ ಗಿಡ ಬೆಳಕು ಹುಡುಕಿಕೊಂಡು ಉದ್ದಕ್ಕೆ, ಬಿಳಿಚಿಕೊಂಡು ಬೆಳೆಯುತ್ತದೆ. ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಇಟ್ಟರೆ ಗಾಜಿನೊಳಗೆ ಕಾವು ಏರಿ ಬೆಂದು ಹೋಗುತ್ತದೆ. ಒಂದೇ ಕಡೆ ವಾಲುತ್ತಿದ್ದರೆ ವಾರಕ್ಕೊಮ್ಮೆ ಬಾಟಲಿಯನ್ನು ತಿರುಗಿಸಿ. ಲೋಳೆಸರ ದೊಡ್ಡದಾಗಿ ಬಾಟಲಿ ಸಾಲದಾದಾಗ ಅದನ್ನು ಹಿತ್ತಿಲಲ್ಲಿ ನೆಟ್ಟು, ಅದರ ಹೊಸ ಮರಿಯನ್ನು ಬಾಟಲಿಗೆ ತನ್ನಿ.

ಗಾಜು ಸಿಗದವರು ಒಡೆದ ಮಡಕೆಯ ತಳದಲ್ಲೂ ಮಾಡಬಹುದು. ಅದರಲ್ಲಿ ತೂತು ಇದ್ದರೆ ಇನ್ನೂ ಒಳ್ಳೆಯದು, ನಿಂತ ನೀರಿನ ಭಯವಿಲ್ಲ. ನಮ್ಮ ತರಗತಿಯ ಕಿಟಕಿಯ ಮೇಲೂ ಒಂದು ಇಡಬಹುದು ಎಂದು ಗುರುಗಳಲ್ಲಿ ಕೇಳಿಕೊಳ್ಳುತ್ತೇನೆ. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ ಹಾಕಿದಾಗ ಯಾರಾದರೂ ಒಬ್ಬರು ಅದನ್ನು ಮನೆಗೆ ಒಯ್ದು ನೋಡಿಕೊಂಡರೆ ಆಯಿತು. ಅವರಿಗೆ ಒಂದು ಕೊಡ ನೀರೂ ಖರ್ಚಾಗುವುದಿಲ್ಲ.

– 7ನೇ ತರಗತಿ ವಿದ್ಯಾರ್ಥಿ