ಹಿಮದ ಇಳಿಜಾರೂ ಛಾಯಾಚಿತ್ರವೂ

ಕಾಲಿಗೆ ಸ್ಕೀ ಹಲಗೆಗಳನ್ನು ಕಟ್ಟಿ ಹಿಮದ ಮೇಲೆ ಜಾರುವ ಪಂದ್ಯಗಳಲ್ಲಿ, ಆಸ್ಟ್ರಿಯಾ ದೇಶದ ಕಿಟ್ಸ್‌ಬ್ಯೂಯೆಲ್ ಪಟ್ಟಣದಲ್ಲಿ 1931ರಲ್ಲಿ ಮೊದಲಾದ ಹಾನೆನ್‌ಕಾಮ್ ಪಂದ್ಯವು ಬಹು ಪ್ರಸಿದ್ಧವಾದುದು. ಅದರ ಈಗಿನ ಹಾದಿಯಾದ ‘ಸ್ಟ್ರೈಫ್’ನಲ್ಲಿ ‘ಇಲಿಬೋನು’ ಎಂಬರ್ಥದ ಹೆಸರುಳ್ಳ ಒಂದು ಇಳಿಜಾರುಂಟು. ಅಲ್ಲಿ ನೂರು ಅಡಿ ಮುಂದುವರಿಯುವಷ್ಟರಲ್ಲಿ ನೆಲವು 85 ಅಡಿ ಕೆಳಗಿಳಿಯುವುದು. ಎಂದರೆ ಸುಮಾರು 40 ಡಿಗ್ರಿಗಳ ಕೋನ.

ಆದರೆ ಇಂತಹ ಇಳಿಜಾರನ್ನು ಬುಡದಲ್ಲಿ ನಿಂತು ನೇರವಾಗಿ ಮೇಲ್ಮುಖವಾಗಿ ಚಿತ್ರಿಸಿದರೆ ಅದರ ಕಡಿದು ಅಡಗಿಹೋಗುತ್ತದೆ. ಬರಿಯ ಬಿಳುಪಿನಲ್ಲಿ ಕಣ್ಣಿಗೆ ಅಳತೆಗೋಲಿಲ್ಲವಷ್ಟೆ. ಆದಕಾರಣ ಛಾಯಾಗ್ರಾಹಕನು ಪಕ್ಕಕ್ಕೆ ಸರಿದು, ಕ್ಯಾಮರಾವನ್ನು ಮಟ್ಟವಾಗಿ ಹಿಡಿಯಬೇಕು. ಆಗ ಇಳಿಜಾರಿನ ಅಂಚು ತನ್ನ ನಿಜವಾದ ಕೋನವನ್ನೇ ತೋರುವುದು. ನೆಲವೆಷ್ಟೇ ಓರೆಯಾದರೂ ಮರಗಳು ನೆಟ್ಟಗೆ ಬೆಳೆಯುವುದರಿಂದ, ಅವು ಚಿತ್ರದಲ್ಲಿದ್ದರೆ ಗಾರೆಕೆಲಸದವನ ತೂಗುಗುಂಡಿನಂತೆ ಸಾಕ್ಷಿ ನುಡಿಯುತ್ತವೆ. ಬೆಳಗು ಸಂಜೆಗಳ ಓರೆಬಿಸಿಲು ಹಿಮದ ಏರುತಗ್ಗುಗಳನ್ನು ನೆರಳಿನಿಂದ ಬಿಡಿಸಿ ತೋರುವುದು. ನಡುವೆ ಜಾರುವವನೊಬ್ಬನಿದ್ದರೆ ಗಾತ್ರವೂ ತಿಳಿಯುವುದು.

ಕ್ಯಾಮರಾವನ್ನೇ ವಾಲಿಸಿ ಕಡಿದನ್ನು ಹೆಚ್ಚಿಸುವವರೂ ಉಂಟು. ವಾಲಿದ ಮರಗಳೇ ಆ ಕಪಟವನ್ನು ಹೊರಗೆಡಹುತ್ತವೆ.

ಇದು ಕೇವಲ ಅಂದದ ಮಾತಲ್ಲ. ಹಿಮರಾಶಿಯು ಕುಸಿದುರುಳುವ ಅಪಾಯವು 30ರಿಂದ 45 ಡಿಗ್ರಿಗಳ ಇಳಿಜಾರುಗಳಲ್ಲಿಯೇ ಹೆಚ್ಚು. ಚಿತ್ರವನ್ನು ನಂಬಿ ಅಲ್ಲಿಗೆ ಹೊರಡುವ ಹೊಸಬನಿಗೆ, ಸುಳ್ಳು ಹೇಳದ ಚಿತ್ರವೇ ಮೊದಲನೆಯ ಎಚ್ಚರಿಕೆ.