ಕಟಕಟೆಯಲ್ಲಿ ನಿಂತ ತಾಯಿ

ಉತ್ತರ ಫ್ರಾನ್ಸಿನ ಬೆರ್ಕ್ ಎಂಬ ಊರಿನ ಕಡಲತೀರದಲ್ಲಿ 2013ರ ನವೆಂಬರಿನ ಒಂದು ರಾತ್ರಿ ತಾಯಿಯೊಬ್ಬಳು ಹದಿನೈದು ತಿಂಗಳ ಮಗಳನ್ನು ಮರಳ ಮೇಲೆ ಬಿಟ್ಟು ಹೊರಟುಹೋದಳು. ಸಮುದ್ರ ಉಬ್ಬರಕ್ಕೆ ಬರುತ್ತಿತ್ತು. ಅವಳು ಸೆನೆಗಲ್‌ನಿಂದ ಓದಲು ಬಂದವಳು, ತತ್ವಶಾಸ್ತ್ರದ ವಿದ್ಯಾರ್ಥಿನಿ. 2016ರಲ್ಲಿ ಸೇಂತ್ ಓಮೇರ್ ಪಟ್ಟಣದಲ್ಲಿ ಅವಳ ವಿಚಾರಣೆ ನಡೆದಾಗ ಸಾಕ್ಷ್ಯಚಿತ್ರ ನಿರ್ದೇಶಕಿ ಆಲಿಸ್ ದಿಯೋಪ್ ಹೋಗಿ ಕೂತು ಕೇಳಿದರು. ಅವರ ತಂದೆತಾಯಿಯೂ ಸೆನೆಗಲ್‌ನವರೇ. ಆ ವಿಚಾರಣೆಯಿಂದ ಹುಟ್ಟಿದ ‘ಸೇಂತ್ ಓಮೇರ್’ ಅವರ ಮೊದಲ ಕಥಾಚಿತ್ರ. 2022ರ ವೆನಿಸ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ಮಹಾ ಪ್ರಶಸ್ತಿ ಪಡೆಯಿತು.

ಸೆಷನ್ಸ್ ಕೋರ್ಟಿನಲ್ಲಿ ಆರೋಪಿಗಳ ಪರ ವಾದಿಸುವ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಅಲ್ಲಿನ ಪದ್ಧತಿ. ನಮ್ಮಲ್ಲಿ ಆರೋಪಿ ತಿಂಗಳುಗಟ್ಟಲೆ ಸುಮ್ಮನೆ ನಿಂತಿರುತ್ತಾರೆ. ಪ್ರಾಸಿಕ್ಯೂಷನ್ ಸಾಕ್ಷಿಗಳೆಲ್ಲ ಮುಗಿದ ಮೇಲೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 313ನೇ ಕಲಮಿನಡಿ ಆರೋಪಿಯ ಹೇಳಿಕೆ, ಹೊಸ ಸಂಹಿತೆಯಲ್ಲಿ 351. ಆ ಹೇಳಿಕೆಯಲ್ಲೂ ಸಾಮಾನ್ಯವಾಗಿ ‘ಸುಳ್ಳು’, ‘ಗೊತ್ತಿಲ್ಲ’ ಎಂಬೆರಡೇ ಉತ್ತರ. ಫ್ರಾನ್ಸಿನ ಅಸೀಜ್ ನ್ಯಾಯಾಲಯದಲ್ಲಿ ಮೂವರು ನ್ಯಾಯಾಧೀಶರ ಜೊತೆ ಆರು ಮಂದಿ ಸಾಮಾನ್ಯ ನಾಗರಿಕರು ಜ್ಯೂರಿಯಾಗಿ ಕೂರುತ್ತಾರೆ. ಮುಖ್ಯ ನ್ಯಾಯಾಧೀಶರೇ ಆರೋಪಿಯನ್ನು ನೇರವಾಗಿ ಪ್ರಶ್ನಿಸುತ್ತಾರೆ. ಬಾಲ್ಯ, ತಾಯಿಯೊಂದಿಗಿನ ಸಂಬಂಧ, ತನಗಿಂತ ಬಹಳ ಹಿರಿಯನಾದ ಸಂಗಾತಿ, ಆಸ್ಪತ್ರೆಗೆ ಹೋಗದೆ ಗುಟ್ಟಾಗಿ ಆದ ಹೆರಿಗೆ, ಒಂದನ್ನೂ ಬಿಡುವುದಿಲ್ಲ.

ಚಿತ್ರದಲ್ಲಿ ಆ ತಾಯಿಯ ಹೆಸರು ಲೊರಾನ್ಸ್ ಕೋಲಿ. ಮಗುವನ್ನು ಕೊಂದದ್ದೇಕೆ ಎಂದು ನ್ಯಾಯಾಧೀಶೆ ಕೇಳಿದಾಗ, ತನಗೂ ಗೊತ್ತಿಲ್ಲ, ಈ ವಿಚಾರಣೆಯಿಂದಲೇ ತಿಳಿಯಬಹುದು ಎಂಬ ಆಸೆಯಿದೆ ಎನ್ನುತ್ತಾಳೆ. ಕಣ್ಣೀರಿಲ್ಲ, ತಡವರಿಕೆಯಿಲ್ಲ. ಗುಸ್ಲಾಜಿ ಮಲಾಂಡಾ ಈ ಪಾತ್ರವನ್ನು ಹೆಚ್ಚುಕಡಿಮೆ ನಿಂತಲ್ಲೇ ನಿಂತು, ಬರೀ ದನಿಯಿಂದ ಕಟ್ಟಿದ್ದಾರೆ. ಕಂದು ಬಣ್ಣದ ಉಡುಪು ಹಿಂದಿನ ಮರದ ಗೋಡೆಯಲ್ಲಿ ಕರಗಿಹೋಗುತ್ತದೆ. ಕ್ಯಾಮೆರಾ ಎಷ್ಟೋ ಹೊತ್ತು ಅವಳ ಮುಖ ಬಿಟ್ಟು ಕದಲುವುದಿಲ್ಲ. ಪೊಲೀಸರ ಮುಂದೆ ಹೇಳಿದ್ದಕ್ಕೂ ಇಲ್ಲಿ ಹೇಳುವುದಕ್ಕೂ ತಾಳೆಯಿಲ್ಲ. ಯಾರೋ ಮಾಟ ಮಾಡಿಸಿದರು ಎಂದೂ ಹೇಳುತ್ತಾಳೆ. ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಬಗ್ಗೆ ಪ್ರಬಂಧ ಬರೆಯಹೊರಟವಳ ಬಾಯಲ್ಲಿ ಮಾಟದ ಮಾತು! ಅವಳ ಅಧ್ಯಾಪಕಿ ಸಾಕ್ಷಿ ಹೇಳಲು ಬಂದು, ಆಫ್ರಿಕಾದ ಹುಡುಗಿ ತನ್ನ ಸಂಸ್ಕೃತಿಗೆ ಹತ್ತಿರದ ವಿಷಯವನ್ನೇಕೆ ಆರಿಸಿಕೊಳ್ಳಲಿಲ್ಲ ಎಂದು ಅಚ್ಚರಿಪಡುತ್ತಾರೆ. ಆ ಒಂದು ಮಾತು ಕೇಳಿ ನನಗೆ ಮೈ ಉರಿಯಿತು. ಅವಳು ಅಷ್ಟು ವರ್ಷ ಯಾವ ಗಾಳಿ ಉಸಿರಾಡಿದ್ದಳು ಎಂಬುದು ಅಲ್ಲಿದೆ.

ಪ್ರೇಕ್ಷಕರ ಸಾಲಿನಲ್ಲಿ ರಾಮಾ ಎಂಬ ಲೇಖಕಿ ಕೂತಿದ್ದಾಳೆ. ಅವಳೂ ಸೆನೆಗಲ್ ಮೂಲದವಳು, ಈಗ ಗರ್ಭಿಣಿ. ಕೇಳುತ್ತ ಕೇಳುತ್ತ ಅವಳಿಗೆ ತನ್ನ ತಾಯಿಯೂ ತನ್ನ ಮುಂದಿನ ದಿನಗಳೂ ಭಯ ಹುಟ್ಟಿಸುತ್ತವೆ.

ತೀರ್ಪನ್ನು ಚಿತ್ರ ತೋರಿಸುವುದೇ ಇಲ್ಲ. ಆರೋಪಿಯ ವಕೀಲೆ ಕ್ಯಾಮೆರಾವನ್ನೇ ನೋಡುತ್ತ ಕೊನೆಯ ವಾದ ಮಂಡಿಸುತ್ತಾರೆ, ಜ್ಯೂರಿಯ ಜಾಗದಲ್ಲಿ ನಾವಿರುತ್ತೇವೆ. ಇದು ಜಾರಿಕೊಳ್ಳುವ ಉಪಾಯವೆಂದು ನನಗನ್ನಿಸಲಿಲ್ಲ. ಎಷ್ಟು ವರ್ಷ ಎಂದು ಗೊತ್ತಾದ ಕೂಡಲೇ ನಾವು ಆ ಹೆಂಗಸಿನ ಬಗ್ಗೆ ಯೋಚಿಸುವುದನ್ನು ನಿಲ್ಲಿಸುತ್ತೇವೆ. ಕೋರ್ಟಿನ ಕಾರಿಡಾರಿನಲ್ಲಿ ಅದನ್ನು ನಿತ್ಯ ನೋಡುತ್ತೇನೆ. ಮಗುವಿನ ಸಾವನ್ನು ಚಿತ್ರ ಎಲ್ಲಿಯೂ ಹಗುರ ಮಾಡುವುದಿಲ್ಲ, ತಾಯಿಯನ್ನು ರಾಕ್ಷಸಿಯಾಗಿಯೂ ಮಾಡುವುದಿಲ್ಲ.

ನಿಜವಾದ ಪ್ರಕರಣದಲ್ಲಿ ವಿಧಿಸಿದ್ದು 20 ವರ್ಷ ಸೆರೆವಾಸ. 2017ರಲ್ಲಿ ಮೇಲ್ಮನವಿಯ ನಂತರ ಅದು 15ಕ್ಕೆ ಇಳಿಯಿತು. ಕಾನೂನು ಓದುತ್ತಿರುವ ಮಕ್ಕಳು ಈ ಚಿತ್ರವನ್ನು ದಯವಿಟ್ಟು ನೋಡಬೇಕು.